ಅಚ್ಚಿನ ಕಾವು

ಗುರುವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಮೂರನೇ ಯಂತ್ರದ ಅಚ್ಚಿಗೆ ಬಿಸಿ ಎಣ್ಣೆ ಹರಿಸುವ ಪಂಪು ಮಂಗಳವಾರ ಐವತ್ತು ನಿಮಿಷ ಕೆಲಸ ಮಾಡಿರಲಿಲ್ಲ ಎಂದು ಫಿಟ್ಟರ್ ಹೇಳಿದ. ಚಹಾದ ಲೋಟ ಕೈಯಲ್ಲಿ ಹಿಡಿದು, ಬೇರೆ ಯಾವುದೋ ಮಾತಿನ ನಡುವೆ, ನಗುತ್ತ ಹೇಳಿದ. ಪಾಳಿಯ ಮೇಲ್ವಿಚಾರಕಿಯಾದ ಅವಳೂ ಮೊದಲು ನಕ್ಕಳು.

"ಮೋಟಾರು ತಿರುಗ್ತಾನೇ ಇತ್ತಕ್ಕ. ಜೋಡಣೆ ಸ್ಕ್ರೂ ಸಡಿಲ ಆಗಿ ಪಂಪು ಮಾತ್ರ ಸುಮ್ನೆ ನಿಂತ್ಕೊಂಡಿತ್ತು. ಗಂಡ ಕುಣೀತಾನೆ, ಹೆಂಡ್ತಿ ಕೂತಿದಾಳೆ, ಹಾಗೆ. ಹನ್ನೊಂದೂವರೆಗೆ ನಾನೇ ನೋಡಿದ್ದೆ, ಸರಿಯಿತ್ತು. ಹನ್ನೆರಡೂ ಇಪ್ಪತ್ತಕ್ಕೆ ಸದ್ದು ಬೇರೆ ಥರ ಕೇಳಿಸ್ತು, ಬಿಗಿ ಮಾಡಿ ಬಂದೆ. ಎರಡು ನಿಮಿಷದ ಕೆಲಸ."

"ಬರೀಲಿಲ್ವಾ?"

"ಬರೆದ್ರೆ ಮೂರು ಪುಟದ ಫಾರಮ್ಮು. ಯಂತ್ರ ನಿಲ್ಲಿಸ್ಬೇಕು, ಮೊದಲ ತುಂಡಿಗೆ ಮತ್ತೆ ಒಪ್ಪಿಗೆ ತಗೋಬೇಕು. ಬರೆಯೋಣ ಅಂತ್ಲೇ ಇದ್ದೆ. ಆಮೇಲೆ ನಿಮ್ಮ ಬಿಸಿ ಬರೆಯೋ ಪುಸ್ತಕ ನೋಡ್ದೆ. ಹನ್ನೆರಡು ಗಂಟೆಗೆ ನೂರಾ ನಲವತ್ತೆಂಟು ಅಂತ ಇತ್ತು. ಅಚ್ಚು ಆರಿಲ್ಲ ಅಂದ್ಮೇಲೆ ಊರಿಗೆಲ್ಲ ಡಂಗುರ ಯಾಕೆ ಅಂತ ಸುಮ್ನಾದೆ."

ಅವನು ಲೋಟ ತೊಳೆದಿಟ್ಟು ಹೋದ. ಅವಳು ತನ್ನ ಲೋಟದ ತಳದಲ್ಲಿ ಉಳಿದ ಗುಟುಕನ್ನು ನೋಡುತ್ತ ನಿಂತಳು. ಅದನ್ನು ಕುಡಿದರೆ ಚಹಾದ ಬಿಡುವು ಮುಗಿಯುತ್ತದೆ, ಟೋಪಿ, ಗೌನು, ಕೈಗವಸು ಹಾಕಿಕೊಂಡು ಮತ್ತೆ ಆ ಬಿಳಿಯ ಕೋಣೆಗೆ ಹೋಗಬೇಕಾಗುತ್ತದೆ, ಹೋದ ಕೂಡಲೇ ಪುಸ್ತಕ ಎದುರಾಗುತ್ತದೆ. ಮಂಗಳವಾರ ಹನ್ನೆರಡು ಗಂಟೆಗೆ ಅವಳು ಅಚ್ಚಿನ ಬಿಸಿ ನೋಡಿರಲಿಲ್ಲ. ನೂರಾ ನಲವತ್ತೆಂಟು ಅವಳು ಬರೆದ ಸಂಖ್ಯೆ, ಅಷ್ಟೆ. ಅದನ್ನು ಒಬ್ಬ ಓದಿದ್ದ, ನಂಬಿದ್ದ, ನಂಬಿ ಒಂದು ಕೆಲಸವನ್ನು ಬಿಟ್ಟಿದ್ದ. ಹನ್ನೊಂದು ತಿಂಗಳಲ್ಲಿ ತನ್ನ ಅಂಕಿಗಳನ್ನು ಯಾರಾದರೂ ಓದುತ್ತಾರೆ ಎಂದು ಅವಳಿಗೆ ಒಮ್ಮೆಯೂ ಅನ್ನಿಸಿರಲಿಲ್ಲ. ಪುಟ ನೋಡುತ್ತಾರೆ, ಸಹಿ ನೋಡುತ್ತಾರೆ, ಖಾಲಿ ಬಿಟ್ಟ ಚೌಕ ಇದೆಯೇ ಎಂದು ನೋಡುತ್ತಾರೆ. ಓದುವುದು ಬೇರೆ.

ಆ ಪ್ಲಾಸ್ಟಿಕ್ಕಿಗೆ ಪಾಲಿಫಿನೈಲ್‌ಸಲ್ಫೋನ್ ಎಂಬ ಉದ್ದನೆಯ ಹೆಸರಿತ್ತು. ಪಾಳಿಯಲ್ಲಿ ಯಾರೂ ಅದನ್ನು ಪೂರ್ತಿ ಹೇಳುತ್ತಿರಲಿಲ್ಲ. ಬಣ್ಣ ನೋಡಿ ಎಲ್ಲರೂ ಜೇನು ಎನ್ನುತ್ತಿದ್ದರು: ಇವತ್ತು ಮೂರರಲ್ಲಿ ಜೇನು ಓಡುತ್ತಿದೆ, ಜೇನಿನ ಕಾಳು ಒಣಗಿಲ್ಲ, ಜೇನು ನೆಲಕ್ಕೆ ಚೆಲ್ಲಿದರೆ ಮೇನೇಜರ ಕಣ್ಣಲ್ಲಿ ನೀರು. ಮುನ್ನೂರ ಎಪ್ಪತ್ತು ಡಿಗ್ರಿಯಲ್ಲಿ ಕರಗಿದ ಜೇನನ್ನು ಯಂತ್ರ ಅಚ್ಚಿನೊಳಗೆ ಒತ್ತುತ್ತದೆ. ನಲವತ್ತೈದು ಸೆಕೆಂಡಿಗೊಮ್ಮೆ ಎರಡು ತುಂಡು ಹೊರಬರುತ್ತವೆ. ಮುಷ್ಟಿಯೊಳಗೆ ಅಡಗುವಷ್ಟು ಚಿಕ್ಕದು, ಬಾಯಿಯಲ್ಲಿ ಒಂದು ತೆಳು ಉಂಗುರ. ಉಸಿರಾಟದ ಯಂತ್ರದ ಕವಾಟ ಕೂರುವ ಗೂಡು. ಒಬ್ಬ ರೋಗಿಯಿಂದ ಇನ್ನೊಬ್ಬನಿಗೆ ಹೋಗುವ ಮೊದಲು ಆಸ್ಪತ್ರೆಯವರು ಅದನ್ನು ನೂರಾ ಮೂವತ್ತನಾಲ್ಕು ಡಿಗ್ರಿಯ ಹಬೆಯಲ್ಲಿ ಬೇಯಿಸುತ್ತಾರೆ, ಔಷಧಿಯ ನೀರಿನಿಂದ ಒರೆಸುತ್ತಾರೆ. ಸಾವಿರ ಸಲ ಹೀಗೆ ಮಾಡಿದರೂ ಜೇನು ಹೂಂ ಉಹೂಂ ಎನ್ನುವುದಿಲ್ಲ. ಒಂದೇ ಷರತ್ತು. ಅಚ್ಚು ಬಿಸಿಯಾಗಿರಬೇಕು, ನೂರಾ ನಲವತ್ತೈದರಿಂದ ನೂರಾ ಐವತ್ತೈದರೊಳಗೆ. ಅಚ್ಚು ತಣ್ಣಗಿದ್ದರೆ ತುಂಡಿನ ಹೊರಪದರ ಥಟ್ಟನೆ ಗಟ್ಟಿಯಾಗುತ್ತದೆ, ಒಳಗಿನದು ಆಮೇಲೆ ಕುಗ್ಗಲು ನೋಡುತ್ತದೆ, ಕುಗ್ಗಲು ಜಾಗವಿರುವುದಿಲ್ಲ. ಆ ಎಳೆತ ಒಳಗೇ ಉಳಿದುಬಿಡುತ್ತದೆ. ಕಣ್ಣಿಗೆ ಕಾಣುವುದಿಲ್ಲ, ತೂಕದಲ್ಲಿ ಸಿಗುವುದಿಲ್ಲ, ಹೊಳಪಿನಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಯಾವುದೋ ಆಸ್ಪತ್ರೆಯಲ್ಲಿ ಯಾವುದೋ ನರ್ಸು ಒರೆಸಿದ ಒಂದು ದಿನ ಉಂಗುರ ಸೀಳುತ್ತದೆ, ಗಾಳಿ ಸೋರುತ್ತದೆ. ಅದಕ್ಕೇ ಗಂಟೆಗೊಮ್ಮೆ ಯಂತ್ರದ ಬಾಗಿಲು ತೆರೆದು, ವೈರಿನ ತುದಿಯ ಪ್ರೋಬನ್ನು ಅಚ್ಚಿನ ಮೈಗೆ ಮುಟ್ಟಿಸಿ, ಬಂದ ಅಂಕಿಯನ್ನು ಬರೆಯಬೇಕು. ಎಣ್ಣೆಯ ತೊಟ್ಟಿಯ ಮೇಲಿನ ಪರದೆ ತೊಟ್ಟಿಯ ಬಿಸಿ ಹೇಳುತ್ತದೆಯೇ ಹೊರತು ಅಚ್ಚಿನದ್ದಲ್ಲ. ಇದನ್ನು ಹೊಸಬರಿಗೆ ಹೇಳಿಕೊಡುತ್ತಿದ್ದವಳು ಅವಳೇ.

ಹನ್ನೊಂದು ತಿಂಗಳ ಹಿಂದೆ ಪ್ರೋಬಿನ ವೈರು ತುಂಡಾಗಿತ್ತು. ಹೊಸದು ಬರಲು ಎಂಟು ದಿನ. ಆಗಿನ ಮೇಲಿನವರು, ಈಗ ಬೇರೆ ಕಡೆ ಹೋಗಿದ್ದಾರೆ, ಅಲ್ಲಿಯತನಕ ಅಂದಾಜು ಮಾಡಿ ಬರೀರಿ, ಖಾಲಿ ಮಾತ್ರ ಬಿಡಬೇಡಿ ಎಂದಿದ್ದರು. ಎಂಟನೇ ದಿನ ಹೊಸ ಪ್ರೋಬು ಬಂತು. ಆ ಹೊತ್ತಿಗೆ ಅವಳ ಕೈ ಅಂದಾಜಿಗೆ ಒಗ್ಗಿಹೋಗಿತ್ತು. ಅಲ್ಲದೆ ಬಾಗಿಲು ತೆರೆದರೆ ಯಂತ್ರ ನಿಲ್ಲುತ್ತದೆ, ಎರಡು ತುಂಡು ಕಸದ ಬುಟ್ಟಿಗೆ ಹೋಗುತ್ತವೆ, ಗೋಡೆಯ ಮೇಲಿನ ಎಣಿಕೆಯ ಫಲಕ ಕೆಂಪಗಾಗುತ್ತದೆ. ಉತ್ಪಾದನೆಯ ಮೇನೇಜರು ಒಮ್ಮೆ ಎಲ್ಲರೆದುರು, "ಏನಮ್ಮಾ, ಗಂಟೆಗೊಂದ್ಸಲ ಯಂತ್ರಕ್ಕೆ ಜ್ವರ ನೋಡ್ತೀರಲ್ಲ, ಬಾಣಂತಿನಾ ಅದು?" ಎಂದಿದ್ದರು. ಇಡೀ ಪಾಳಿ ನಕ್ಕಿತ್ತು. ಅವಳೂ ನಕ್ಕಿದ್ದಳು, ಆ ನಗೆ ಎರಡು ದಿನ ಕೆನ್ನೆಯಲ್ಲಿ ಉರಿದಿತ್ತು. ಆಮೇಲೆ ಪಾಳಿಯ ಎಂಟು ಅಂಕಿಗಳಲ್ಲಿ ಮೊದಲನೆಯದು ಮತ್ತು ಕೊನೆಯದು ಮಾತ್ರ ನಿಜ. ನಡುವಿನ ಆರು ಅವಳವು. ಅದರಲ್ಲೂ ಒಂದು ನೇಮ ಇಟ್ಟುಕೊಂಡಿದ್ದಳು. ಹಿಂದೆ ಇದ್ದೊಬ್ಬ ಮೇಲ್ವಿಚಾರಕನ ಹಾಗೆ ಎಂಟು ಚೌಕವನ್ನೂ ಒಂದೇ ಉಸಿರಿಗೆ ತುಂಬುತ್ತಿರಲಿಲ್ಲ. ಗಂಟೆ ಹೊಡೆದಾಗ ಯಂತ್ರದ ಎದುರು ಹೋಗಿ ನಿಲ್ಲುತ್ತಿದ್ದಳು, ಸದ್ದು ಕೇಳುತ್ತಿದ್ದಳು, ಬಾಗಿಲಿನ ಗಾಜಿನ ಹೊರಗೆ ಅಂಗೈ ಹಿಡಿಯುತ್ತಿದ್ದಳು, ಆಮೇಲೆ ಬರೆಯುತ್ತಿದ್ದಳು. ಒಂದೇ ಸಂಖ್ಯೆ ಎರಡು ಸಲಕ್ಕಿಂತ ಹೆಚ್ಚು ಬರಬಾರದು. ನೂರಾ ನಲವತ್ತೆಂಟು, ನಲವತ್ತೇಳು, ನಲವತ್ತೆಂಟು, ನಲವತ್ತೊಂಬತ್ತು. ತಿಂಗಳಿಗೊಮ್ಮೆ ಒಂದು ನಲವತ್ತಾರು, ಅದೂ ಚಳಿ ಇದ್ದ ಬೆಳಿಗ್ಗೆ. ಸುಳ್ಳಿಗೂ ಅಷ್ಟು ಶ್ರದ್ಧೆ ಇದ್ದರೆ ಅದು ಪೂರ್ತಿ ಸುಳ್ಳಲ್ಲ ಎಂದು ಎಲ್ಲೋ ಒಳಗೆ ಒಪ್ಪಿಕೊಂಡಿದ್ದಳು.

ನಿನ್ನೆ ಸಂಜೆ ಮಗಳು ಶಾಲೆಯ ಓದಿನ ಹಾಳೆ ತಂದು ಸಹಿ ಕೇಳಿದ್ದಳು. ದಿನಕ್ಕೆ ಎಷ್ಟು ನಿಮಿಷ ಕಥೆಪುಸ್ತಕ ಓದಿದೆ ಎಂದು ಮಕ್ಕಳೇ ಬರೆದು ಮನೆಯವರಿಂದ ಸಹಿ ಹಾಕಿಸಬೇಕು. ಇಪ್ಪತ್ತು, ಇಪ್ಪತ್ತೈದು, ಇಪ್ಪತ್ತು, ಹದಿನೈದು, ಮೂವತ್ತು. ಇಡೀ ವಾರ ಮಗಳು ಪುಸ್ತಕ ಮುಟ್ಟಿದ್ದನ್ನು ಅವಳು ಕಂಡಿರಲಿಲ್ಲ. ದಡ್ಡ ಮಗುವಾಗಿದ್ದರೆ ಎಲ್ಲ ದಿನಕ್ಕೂ ಇಪ್ಪತ್ತು ಎಂದು ಗೀಚುತ್ತಿತ್ತು. ಇವಳು ಹದಿನೈದರ ನಂತರ ಮೂವತ್ತು ಇಟ್ಟಿದ್ದಾಳೆ, ಒಂದು ದಿನ ಸುಸ್ತಾಗಿ ಕಡಿಮೆ ಓದಿ ಮರುದಿನ ಸರಿತೂಗಿಸಿದವಳ ಹಾಗೆ. ಸಹಿ ಹಾಕುವಾಗ ಅವಳಿಗೆ ಆದದ್ದು, ಈಗ ಲೋಟ ಹಿಡಿದು ನಿಂತಲ್ಲಿ ನೆನಪಾಗಿ ಕಿವಿ ಬಿಸಿಯಾಯಿತು, ಆದದ್ದು ಸಿಟ್ಟಲ್ಲ, ಹೆಮ್ಮೆ. ಒಂದು ಕ್ಷಣವೇ ಇರಬಹುದು. ನೂಲಿನಂತೆ ಸೀರೆ.

ಹನ್ನೊಂದೂ ಕಾಲಿಗೆ ಭೂತಗನ್ನಡಿ ಬಂದರು. ಗುಣಮಟ್ಟ ವಿಭಾಗದ ಮುಖ್ಯಸ್ಥರು. ಜೇಬಿನಲ್ಲಿ ಸದಾ ಒಂದು ಮಸೂರ ಇಟ್ಟುಕೊಂಡು ಓಡಾಡುವುದರಿಂದ ಆ ಹೆಸರು. ಅವರಿಗದು ಗೊತ್ತಿತ್ತು, ಬೇಸರವಿರಲಿಲ್ಲ. ನಗುವುದು ಅಪರೂಪ. ಇವತ್ತು ನಗುತ್ತ ಬಂದರು.

"ಮುತ್ತಕ್ಕಾ, ನಿಮ್ಮ ಪುಸ್ತಕಕ್ಕೆ ಹೆಣ್ಣು ನೋಡೋಕೆ ಬಂದ ಹಾಗೆ ಬರ್ತಿದಾರೆ ಜನ."

ಮುತ್ತಿನಂಥ ಅಕ್ಷರ ಎಂದು ಯಾರೋ ಹೊಗಳಿ ಅವಳು ಕಾರ್ಖಾನೆಗೆಲ್ಲ ಮುತ್ತಕ್ಕ ಆಗಿದ್ದಳು. ಹೋದ ತಿಂಗಳು ಬಂದಿದ್ದ ಗಿರಾಕಿ ಕಂಪನಿಯ ತಪಾಸಣೆಯವರು ಅವಳ ಪಾಳಿಯ ಪುಸ್ತಕವನ್ನು ನೆನಪಿಟ್ಟುಕೊಂಡು ಪತ್ರ ಬರೆದಿದ್ದಾರೆ. ತಮಗೆ ಬಿಡಿಭಾಗ ಕೊಡುವ ಇನ್ನೆರಡು ಕಾರ್ಖಾನೆಗಳಿಗೆ ಮಾದರಿ ಎಂದು ಕಳಿಸಲು ನಾಲ್ಕು ಪುಟ ಬೇಕಂತೆ. ಭೂತಗನ್ನಡಿ ನಿಂತಲ್ಲೇ ಪುಸ್ತಕ ತಿರುವಿದರು. ಅವರ ಬೆರಳು ಮಂಗಳವಾರದ ಮೇಲೆ ನಿಂತಿತು.

"ಇದನ್ನೇ ತಗೊಳ್ಳೋಣ. ಮೊನ್ನೆಯದು. ಒಂದು ಹೊಡೆದು ಹಾಕಿದ್ದಿಲ್ಲ, ತಿದ್ದಿದ್ದಿಲ್ಲ. ನೋಡಿ, ಅಂಕಿ ಉಸಿರಾಡ್ತಿದೆ. ಕೆಲವರು ಒಂದೇ ಸಂಖ್ಯೆ ಸಾಲಾಗಿ ಇಳಿಸಿರ್ತಾರೆ, ನೋಡಿದ ಕೂಡ್ಲೇ ಗೊತ್ತಾಗತ್ತೆ, ಕೂತಲ್ಲೇ ಬರೆದಿದ್ದು ಅಂತ."

"ಹೌದು ಸರ್," ಎಂದಳು. ಬೇರೆ ಏನಾದರೂ ಹೇಳಲು ಅದು ಒಳ್ಳೆಯ ಜಾಗವಾಗಿತ್ತು. ಮಾತು ನಾಲಿಗೆಯ ಹಿಂದೆ ಬಂದು ನಿಂತದ್ದೂ ಗೊತ್ತಾಯಿತು. ಅವರು ಆಗಲೇ ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಜೆರಾಕ್ಸ್ ಮಾಡಿಸಿ ಹನ್ನೆರಡರೊಳಗೆ ಕಳಿಸುತ್ತೇನೆ ಎಂದು ಹೊರಟಿದ್ದರು. ಅವರ ಬಿಳಿ ಗೌನಿನ ಬೆನ್ನಿನ ಗಂಟು ಓರೆಯಾಗಿತ್ತು. ಇಷ್ಟು ನಿಖರ ಮನುಷ್ಯನ ಬೆನ್ನಿನ ಗಂಟು ಓರೆಯಾಗಿರುವುದನ್ನು ಅವರಿಗೆ ಹೇಳುವವರು ಯಾರೂ ಇಲ್ಲ ಎಂಬ ವಿಚಾರ ಅವಳನ್ನು ಕಾರಣವಿಲ್ಲದೆ ಹಿಡಿದುಕೊಂಡಿತು. ಬಾಗಿಲು ಮುಚ್ಚಿದ ಮೇಲೂ ಅದನ್ನೇ ಯೋಚಿಸುತ್ತ ಇದ್ದಳು, ಯಾಕೆಂದರೆ ಅದನ್ನು ಯೋಚಿಸುವಷ್ಟು ಹೊತ್ತು ಇನ್ನೊಂದನ್ನು ಯೋಚಿಸಬೇಕಾಗಿರಲಿಲ್ಲ.

ಹನ್ನೆರಡು ಗಂಟೆಗೆ ಅವಳು ಪ್ರೋಬು ತೆಗೆದುಕೊಂಡು ಮೂರನೇ ಯಂತ್ರದ ಬಾಗಿಲು ತೆರೆದಳು. ಯಂತ್ರ ನಿಟ್ಟುಸಿರು ಬಿಟ್ಟು ನಿಂತಿತು. ಯಂತ್ರ ನೋಡಿಕೊಳ್ಳುತ್ತಿದ್ದ ಹೆಂಗಸು ತಲೆಯೆತ್ತಿ, "ಏನಾಯ್ತಕ್ಕ? ಕೆಟ್ಟೋಯ್ತಾ?" ಎಂದು ಕೇಳಿದಳು. "ಇಲ್ಲ, ಬಿಸಿ ನೋಡ್ತಿದೀನಿ." "ಈಗ್ಲಾ?" ಎಂದಳು ಆಕೆ. ಆ ಪ್ರಶ್ನೆಯಲ್ಲಿ ಕುಹಕವಿರಲಿಲ್ಲ, ಅದೇ ಚುಚ್ಚಿತು: ನಡುವಿನ ಆರು ಸುಳ್ಳೆಂದು ಆಕೆಗೆ ಗೊತ್ತಿತ್ತು, ಬಹುಶಃ ಎಲ್ಲರಿಗೂ ಗೊತ್ತಿತ್ತು, ಅದು ಹಾಗೇ ಇರುವ ಸಂಗತಿ ಎಂದು ತಿಳಿದುಕೊಂಡಿದ್ದರು. ತುದಿಯನ್ನು ಉಕ್ಕಿಗೆ ಒತ್ತಿ ಹಿಡಿದಳು. ಕೈಗವಸಿನೊಳಗೂ ಕಾವು ಹತ್ತಿತು. ಸಣ್ಣ ಪರದೆಯಲ್ಲಿ ಅಂಕಿಗಳು ಮೇಲೆ ಹೋಗಿ, ತಡವರಿಸಿ, ಐವತ್ತೂವರೆ, ಐವತ್ತೊಂದು, ಮತ್ತೆ ಐವತ್ತೂವರೆ ಎಂದು ಆಡಿ ನೂರಾ ಐವತ್ತೊಂದರಲ್ಲಿ ನಿಂತವು. ಅವಳು ಬರೆಯಬೇಕೆಂದಿದ್ದದ್ದು ನಲವತ್ತೇಳು. ನಾಲ್ಕು ಡಿಗ್ರಿ. ಏನೂ ಅಲ್ಲದ, ಮಿತಿಯೊಳಗೇ ಇರುವ ನಾಲ್ಕು ಡಿಗ್ರಿ. ಆದರೂ ಇಷ್ಟು ದಿನ ಅಂಗೈ ಹಿಡಿದು ಕೇಳಿಸಿಕೊಂಡೆ ಎಂದುಕೊಂಡ ಆ ಯಂತ್ರ ತನಗೆ ಏನನ್ನೂ ಹೇಳಿರಲೇ ಇಲ್ಲ ಎನ್ನುವುದು ಅವಳಿಗೆ ಆಗ ಗೊತ್ತಾಯಿತು. ಪುಸ್ತಕ ವಾಪಸು ಬಂದಿತ್ತು. ನೂರಾ ಐವತ್ತೊಂದು ಎಂದು ಬರೆದಳು. ಆ ಸಾಲಿನಲ್ಲಿ ಅದು ನೆಂಟರ ಗುಂಪಿನ ನಡುವೆ ಅಪರಿಚಿತ ಬಂದು ಕುಳಿತ ಹಾಗೆ ಕಾಣುತ್ತಿತ್ತು.

ಊಟದ ಹೊತ್ತಿನಲ್ಲಿ ಡಬ್ಬಿ ತೆರೆಯದೆ ಗೋದಾಮಿಗೆ ಹೋದಳು. ಮಂಗಳವಾರದ ಎರಡು ಪಾಳಿಯ ಸರಕು, ಅರವತ್ತು ಚಿಲ್ಲರೆ ಪೆಟ್ಟಿಗೆ, ಬಾಗಿಲ ಹತ್ತಿರ ಸಾಲಾಗಿ ನಿಂತಿತ್ತು. ನಾಲ್ಕು ಗಂಟೆಗೆ ವ್ಯಾನು. ಪೆಟ್ಟಿಗೆಗೆ ನಲವತ್ತು ತುಂಡು, ಗಂಟೆಗೆ ನಾಲ್ಕು ಪೆಟ್ಟಿಗೆ, ಪಾಳಿ ಶುರುವಾಗುವುದು ಆರಕ್ಕೆ. ಲೆಕ್ಕ ತಾನಾಗಿ ಆಯಿತು. ಹನ್ನೊಂದೂವರೆಯಿಂದ ಅಚ್ಚು ಮತ್ತೆ ಕಾಯುವ ತನಕ, ಇಪ್ಪತ್ತಮೂರರಿಂದ ಇಪ್ಪತ್ತೆಂಟರವರೆಗಿನ ಪೆಟ್ಟಿಗೆಗಳು. ಆರು. ಅವು ಎದುರಿಗೇ ಇದ್ದವು, ಮೇಲಿನ ಸಾಲಿನಲ್ಲಿ, ಕೈಗೆಟಕುವಂತೆ. ಚೀಟಿ ಹರಿದಿದೆ ಎಂದು ಹೇಳಿ ಆರನ್ನೂ ಒಳಗೆ ತೆಗೆದುಕೊಂಡು ಹೋಗಬಹುದು, ಉಂಗುರದಲ್ಲಿ ಗೀರು ಎಂದು ಬರೆದು ಪುಡಿ ಮಾಡಿಸಬಹುದು, ನಾಳೆ ಆರು ಪೆಟ್ಟಿಗೆ ಹೊಸದು ಹೊಡೆಸಬಹುದು. ಯಾರಿಗೂ ಏನೂ ಆಗುವುದಿಲ್ಲ. ಯಾವ ನರ್ಸೂ, ಯಾವ ರೋಗಿಯೂ, ಫಿಟ್ಟರೂ, ಅವಳೂ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅವಳಿಗೆ ಒಮ್ಮೆಲೇ ಎದೆ ಹಗುರವಾಯಿತು, ಹಸಿವೂ ಆಯಿತು. ಇಪ್ಪತ್ತಮೂರನೆಯ ಪೆಟ್ಟಿಗೆಯನ್ನು ಎತ್ತಿ ನೆಲಕ್ಕಿಟ್ಟಳು. ಇಪ್ಪತ್ತನಾಲ್ಕು. ಇಪ್ಪತ್ತೈದನ್ನು ಹಿಡಿದು ನಿಂತಾಗ, ಇದು ಫಿಟ್ಟರ್ ಚಹಾ ಕುಡಿಯುತ್ತ ಹೇಳಿದ್ದರಿಂದ ಗೊತ್ತಾದ ಆರು ಎಂಬುದು ಹೊಳೆಯಿತು. ಅವನು ಚಹಾಕ್ಕೆ ಬಾರದ ದಿನಗಳಿದ್ದವು. ಅವನ ಕಿವಿಗೆ ಸದ್ದು ಬೇರೆಯಾಗಿ ಕೇಳದ ದಿನಗಳಿದ್ದವು. ಹನ್ನೊಂದು ತಿಂಗಳಲ್ಲಿ ಅವಳ ಪಾಳಿಯಲ್ಲಿ ಜೇನು ಓಡಿದ್ದು ತೊಂಬತ್ತಾರು ದಿನ. ಆ ದಿನಗಳ ನಡುವಿನ ಗಂಟೆಗಳಲ್ಲಿ ಅಚ್ಚು ಎಷ್ಟು ಬಿಸಿಯಿತ್ತು ಎಂಬುದು ಈ ಲೋಕದಲ್ಲಿ ಯಾರಿಗೂ ತಿಳಿಯದು, ಅದನ್ನು ತಿಳಿಯಬೇಕಾಗಿದ್ದ ಒಬ್ಬಳು ಚೆಂದದ ಅಕ್ಷರದಲ್ಲಿ ಬೇರೇನೋ ಬರೆದಿದ್ದಳು. ಪೆಟ್ಟಿಗೆ ಕೈಯಲ್ಲಿ ಭಾರವಾಯಿತು. ಎರಡು ಕಿಲೋ ಕೂಡ ಇರಲಿಲ್ಲ ಅದು. ಮೂರನ್ನೂ ಮತ್ತೆ ಸಾಲಿನಲ್ಲಿಟ್ಟಳು.

ಪ್ರಯೋಗಾಲಯದ ಕಪಾಟಿನಲ್ಲಿ ಪ್ರತಿ ಪೆಟ್ಟಿಗೆಯ ಹೆಸರಿನಲ್ಲೂ ಒಂದೊಂದು ತುಂಡನ್ನು ಚೀಟಿ ಹಚ್ಚಿ ತೆಗೆದಿಟ್ಟಿರುತ್ತಾರೆ. ಅವಳು ಮಂಗಳವಾರದ ಇಪ್ಪತ್ತನೆಯದನ್ನೂ ಇಪ್ಪತ್ತೈದನೆಯದನ್ನೂ ತೆಗೆದು, ಗಾಳಿ ಎಳೆಯುವ ಗಾಜಿನ ಗೂಡಿನೊಳಗೆ ಪರೀಕ್ಷೆಯ ದ್ರಾವಕದ ಬೋಗುಣಿಯಲ್ಲಿ ಮುಳುಗಿಸಿದಳು. ಒಳಗೆ ಎಳೆತ ಇರುವ ತುಂಡು ಆ ದ್ರಾವಕದಲ್ಲಿ ಒಂದು ನಿಮಿಷ ತಡೆಯುವುದಿಲ್ಲ. ಪಾಳಿ ಶುರುವಿಗೆ ಎರಡು, ಕೊನೆಗೆ ಎರಡು, ದಿನಾ ಹೀಗೆ ಮುಳುಗಿಸುತ್ತಾರೆ, ದಿನಾ ಏನೂ ಆಗುವುದಿಲ್ಲ. ಏನಾದರೂ ಆಗುತ್ತದೆ ಎಂಬುದನ್ನೇ ಅವಳು ಮರೆತಿದ್ದಳು. ಗೋಡೆಯ ಗಡಿಯಾರದ ಮುಳ್ಳು ಹೊರಟಿತು. ಹತ್ತು ಸೆಕೆಂಡು. ಎರಡೂ ತುಂಡು ತಳದಲ್ಲಿ ಕುಳಿತು ಹೊಳೆಯುತ್ತಿದ್ದವು, ಒಂದೇ ತಾಯಿಯ ಮಕ್ಕಳ ಹಾಗೆ, ಯಾವುದು ಯಾವುದೆಂದು ಹೇಳಲು ಬಾರದಂತೆ. ಇಪ್ಪತ್ತು. ಏನೂ ಆಗದಿರಲಿ ಎಂದು ಬೇಡಿಕೊಳ್ಳುತ್ತಿದ್ದೇನೆಯೋ, ಆಗಲಿ ಎಂದೋ ತಿಳಿಯದೆ ಗಾಜಿಗೆ ಹಣೆ ಹಚ್ಚಿದಳು. ಮೂವತ್ತೈದರ ಹೊತ್ತಿಗೆ ಎಡಗಡೆಯ, ಇಪ್ಪತ್ತೈದನೆಯ ತುಂಡಿನ ಉಂಗುರದಲ್ಲಿ ಒಂದು ಬೆಳ್ಳಿಯ ಕೂದಲು ಕಾಣಿಸಿಕೊಂಡಿತು. ದ್ರಾವಕದಲ್ಲಿ ಎಲ್ಲಿಂದಲೋ ಕೂದಲು ಬಿತ್ತು ಎಂದೇ ಮೊದಲು ಅನ್ನಿಸಿದ್ದು. ಅದರ ಪಕ್ಕ ಇನ್ನೊಂದು. ಆಮೇಲೆ ಸದ್ದಿಲ್ಲದೆ ಉಂಗುರದ ಸುತ್ತಲೂ ಹತ್ತಾರು, ಕಣ್ಣಂಚಿನ ಸುಕ್ಕುಗಳ ಹಾಗೆ. ಬಲಗಡೆಯದು ನಿಮಿಷ ಕಳೆದರೂ ಹಾಗೇ ಇತ್ತು. ಅವಳು ಚಿಮಟದಿಂದ ಎರಡನ್ನೂ ಎತ್ತಿ ಒರೆಸಿ ಬೆಳಕಿಗೆ ಹಿಡಿದಳು. ಸೀಳಿದ ತುಂಡು ಕಣ್ಣಿಗೆ ಕಂಡಿತ್ತು, ಕಂಡದ್ದನ್ನು ತೋರಿಸಬಹುದು.

ಒಂದೂ ಮುಕ್ಕಾಲಿಗೆ ಬಟ್ಟೆ ಬದಲಿಸುವ ಕೋಣೆಯಿಂದ ಮನೆಗೆ ಫೋನು ಮಾಡಿದಳು. ಗಂಡ ಬೇರೆ ಊರಿನ ಕೆಲಸದಲ್ಲಿ, ವಾರಕ್ಕೊಮ್ಮೆ ಬರುವವನು, ಎತ್ತಿದ್ದು ಅತ್ತೆ.

"ಅತ್ತೆ, ಇವತ್ತು ಎರಡರ ಬಸ್ಸಿಗೆ ಬರಲ್ಲ. ಲೇಟಾಗತ್ತೆ."

"ಯಾಕೆ, ನಿಮ್ಮ ಪ್ಲಾಸ್ಟಿಕ್ಕಿಗೆ ನಿನ್ನ ಬಿಟ್ರೆ ಗತಿ ಇಲ್ವಾ?"

"ಸ್ವಲ್ಪ ಕೆಲಸ ಇದೆ."

"ಧ್ವನಿ ಯಾಕೆ ಹಾಗಿದೆ? ಯಾರ ಹತ್ರ ಬೈಸಿಕೊಂಡೆ?"

"ಇನ್ನೂ ಇಲ್ಲ."

ಅತ್ತೆಯ ಹಿಂದೆ ಎಲ್ಲೋ ಕುಕ್ಕರು ಕೂಗಿತು. "ಹಾಗಾದ್ರೆ ಬೇಗ ಬೈಸಿಕೊಂಡು ಬಾ," ಎಂದರು. "ಬೈಗುಳ ಬಿಸಿ ಇರುವಾಗ್ಲೇ ತಿನ್ನಬೇಕು. ಆರಿದ ಮೇಲೆ ಗಂಟಲಲ್ಲಿ ಇಳಿಯಲ್ಲ."

ಫಿಟ್ಟರ್ ಸೈಕಲ್ಲಿನ ಬೀಗ ತೆಗೆಯುತ್ತಿದ್ದ. ಅವಳು ನೇರವಾಗಿ ಹೇಳಿದಳು: ಇಪ್ಪತ್ತೈದನೆಯದು ಸೀಳಿತು, ನಾನು ಈಗ ಭೂತಗನ್ನಡಿಯ ಹತ್ತಿರ ಹೋಗುತ್ತಿದ್ದೇನೆ. ಅವನ ಮುಖ ಸಣ್ಣದಾಯಿತು.

"ಅಕ್ಕ, ನಾನು ನಿಮ್ಮ ಹತ್ರ ಅಂದಿದ್ದು ಚಹಾ ಕುಡಿಯೋವಾಗ. ಅದನ್ನ ತಗೊಂಡು ಹೋಗಿ ಅಲ್ಲಿ ಬಡಿಸ್ತೀರಾ?"

"ನಿನ್ನ ಹೆಸರು ಹೇಳಲ್ಲ. ನನ್ನದು ಮಾತ್ರ ಹೇಳ್ತೀನಿ."

"ಪಂಪು ತಾನಾಗಿ ಬಿಗಿ ಆಯ್ತು ಅಂತೀರಾ? ಅವರೇನು ಕಿವಿ ಮೇಲೆ ಹೂ ಇಟ್ಕೊಂಡಿದಾರಾ?" ಬೀಗವನ್ನು ಕೈಯಲ್ಲಿ ತಿರುಗಿಸಿದ. "ನಿಮ್ಮ ಅಂಕಿ ನೋಡಿ ಸುಮ್ನಾಗಿದ್ದು ನಾನು. ನೀವು ಬರೆದಿದ್ದೀರಿ ಅಂತ."

ಅವಳು ತಿರುಗಿ ನಡೆದಳು. ಎರಡರ ಬಸ್ಸು ಗೇಟಿನಿಂದ ಹೊರಟದ್ದು ಬೆನ್ನಿಗೆ ಕೇಳಿಸಿತು.

ಭೂತಗನ್ನಡಿಯ ಮೇಜಿನ ಮೇಲೆ ನಾಲ್ಕು ಜೆರಾಕ್ಸ್ ಹಾಳೆಗಳಿದ್ದವು, ಅಂಚು ಸಮನಾಗಿ ಜೋಡಿಸಿ. ಅವಳು ಅವುಗಳ ಪಕ್ಕ ಎರಡು ತುಂಡುಗಳನ್ನಿಟ್ಟಳು. ಅವರು ಏನೂ ಕೇಳದೆ ಮಸೂರ ತೆಗೆದು ಉಂಗುರವನ್ನು ಸುತ್ತಲೂ ನೋಡಿದರು, ನಿಧಾನವಾಗಿ, ಓದುವ ಹಾಗೆ.

"ಯಾವ ಪೆಟ್ಟಿಗೆ?"

"ಮಂಗಳವಾರ, ಇಪ್ಪತ್ತೈದು. ಅಚ್ಚಿನ ಪಂಪು ನಿಂತಿತ್ತು ಸರ್. ಹನ್ನೆರಡು ಗಂಟೆ ಅಂಕಿ ಸುಳ್ಳು."

ಅವರು ಹಾಳೆಯನ್ನು ನೋಡಿದರು. "ತಪ್ಪಾಗಿ ಓದಿದ್ರೇನೋ. ಪ್ರೋಬು ಸರಿಯಾಗಿ ತಾಗ್ದೇ ಇದ್ರೆ ಹಾಗಾಗತ್ತೆ."

ಅದು ಬಾಗಿಲು. ಅವರು ಬೇಕೆಂದೇ ತೆರೆದಿಟ್ಟರೋ, ನಿಜವಾಗಿಯೂ ಹಾಗೆಂದುಕೊಂಡರೋ ಅವಳಿಗೆ ತಿಳಿಯಲಿಲ್ಲ. ತಪ್ಪಾಗಿ ಓದಿದೆ ಎಂದರೆ ಒಂದು ಅಂಕಿ ಹೋಗುತ್ತದೆ, ಉಳಿದವು ಉಳಿಯುತ್ತವೆ.

"ಓದ್ಲೇ ಇಲ್ಲ ಸರ್," ಎಂದಳು. "ಮೊದಲನೇದು ಕೊನೇದು ನಿಜ. ನಡುವಿನ ಆರು ನಾನೇ ಬರೆದಿದ್ದು."

"ಮಂಗಳವಾರ?"

"ಎಲ್ಲ ದಿನ. ಹನ್ನೊಂದು ತಿಂಗಳಿಂದ."

ಅವರು ಮಸೂರವನ್ನು ಮೇಜಿನ ಮೇಲಿಟ್ಟರು. ಅದರ ಕೆಳಗೆ ಸಿಕ್ಕಿದ ಎಂಟರ ಒಂದು ಅಂಕಿ ದೊಡ್ಡದಾಗಿ, ದುಂಡಗೆ, ಮುತ್ತಿನ ಹಾಗೇ ಕಾಣುತ್ತಿತ್ತು. ಬೈಯುತ್ತಾರೆ ಎಂದು ಕಾದಳು. ಅವರ ಕಿವಿಯ ತುದಿ ಕೆಂಪಾಗಿರುವುದನ್ನು ಕಂಡಳು. ಬೆಳಿಗ್ಗೆ ತನ್ನ ಕಿವಿ ಹೀಗೇ ಆಗಿರಬೇಕು. "ಅಂಕಿ ಉಸಿರಾಡ್ತಿದೆ ಅಂದೆ ನಾನು," ಎಂದರು ಕೊನೆಗೆ, ತಮಗೇ ಹೇಳಿಕೊಳ್ಳುವಂತೆ. "ಇಪ್ಪತ್ತೆರಡು ವರ್ಷ ಆಯ್ತು ನನಗೆ ಈ ಕೆಲಸದಲ್ಲಿ. ಪ್ರತಿ ತಿಂಗಳೂ ಈ ಪುಸ್ತಕಕ್ಕೆ ಸಹಿ ಮಾಡಿದೀನಿ. ಒಂದು ದಿನ, ಒಂದೇ ಒಂದು ದಿನ, ಹನ್ನೊಂದು ಗಂಟೆಗೆ ಬಂದು ನಿಮ್ಮ ಪಕ್ಕ ನಿಂತಿದ್ರೆ ಸಾಕಿತ್ತು." ಫೋನು ಎತ್ತಿ ಗೋದಾಮಿಗೆ, ವ್ಯಾನಿಗೆ ಏನನ್ನೂ ಏರಿಸಬೇಡಿ ಎಂದರು. ಇನ್ನೊಂದು ಫೋನು ಮೇನೇಜರಿಗೆ. ಆಮೇಲೆ ನಾಲ್ಕು ಹಾಳೆಗಳನ್ನು ಎರಡಾಗಿ ಹರಿದು, ಮತ್ತೆ ಎರಡಾಗಿ ಹರಿದು ಬುಟ್ಟಿಗೆ ಹಾಕಿದರು.

"ಪಂಪು ಯಾರು ಸರಿ ಮಾಡಿದ್ದು?"

"ಅದನ್ನ ಅವರೇ ಹೇಳ್ಬೇಕು ಸರ್. ನಾನು ಹೇಳಿದ್ರೆ ಚೆನ್ನಾಗಿರಲ್ಲ."

ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು. ಫಿಟ್ಟರ್, ಸೈಕಲ್ಲಿನ ಬೀಗ ಇನ್ನೂ ಬೆರಳಿಗೆ ಸಿಕ್ಕಿಸಿಕೊಂಡು, ಇನ್ನೊಂದು ಕೈಯಲ್ಲಿ ಮೂರು ಪುಟದ ಫಾರಮ್ಮು. ಒಳಗೆ ಬರದೆ ಹೊಸಿಲಲ್ಲೇ ನಿಂತು, ಯಾರ ಮುಖವನ್ನೂ ನೋಡದೆ, "ಸರ್, ಇದರಲ್ಲಿ ವಿಳಂಬಕ್ಕೆ ಕಾರಣ ಅಂತ ಒಂದು ಜಾಗ ಇದೆ," ಎಂದ. "ಅಲ್ಲಿ ಏನು ಬರೀಬೇಕು?"

"ಕಾರಣ ಏನು?"

"ಸೋಮಾರಿತನ ಸರ್."

"ಹಾಗೇ ಬರಿ."

ಅವನು ಗೋಡೆಗೆ ಹಾಳೆ ಇಟ್ಟು ಬರೆದ. ಅವಳಿಗೆ ನಗು ಬಂತು, ಬರಬಾರದ ಹೊತ್ತಿನಲ್ಲಿ. ತಡೆಯಲು ಹೋಗಿ ಕಣ್ಣಲ್ಲಿ ನೀರು ಬಂತು. ಭೂತಗನ್ನಡಿ ಅದನ್ನು ನೋಡದವರಂತೆ ಡ್ರಾಯರಿನ ಕೀಲಿ ಹುಡುಕುತ್ತಿದ್ದರು. ಕಪಾಟಿನಲ್ಲಿ ಹನ್ನೊಂದು ತಿಂಗಳ ಮಾದರಿಗಳು ಇವೆಯಲ್ಲ ಎಂದರು, ಹುಡುಕುತ್ತಲೇ. ಪೆಟ್ಟಿಗೆಗೆ ಒಂದು. ಅಚ್ಚಿನ ಬಿಸಿ ಎಷ್ಟಿತ್ತು ಎಂದು ಅವು ಹೇಳುವುದಿಲ್ಲ, ಆದರೆ ಸಾಕಿತ್ತೋ ಇಲ್ಲವೋ ಎಂದು ಹೇಳುತ್ತವೆ. ತೊಂಬತ್ತಾರು ಪಾಳಿ, ಪಾಳಿಗೆ ಮೂವತ್ತೆರಡು. ಅವಳು ಮನಸ್ಸಿನಲ್ಲೇ ಗುಣಿಸಿದಳು. ಮೂರು ಸಾವಿರದ ಎಪ್ಪತ್ತೆರಡು. ಬೆಳಗಿನಿಂದ ಕತ್ತಲೆಯ ಹಾಗೆ ಹಿಂದೆ ಚಾಚಿಕೊಂಡಿದ್ದ ಆ ದಿನಗಳು, ಯಾರಿಗೂ ತಿಳಿಯದು ಎಂದುಕೊಂಡಿದ್ದ ಆ ಗಂಟೆಗಳು, ಒಂದೊಂದಾಗಿ ಚೀಟಿ ಹಚ್ಚಿಕೊಂಡು ಕಪಾಟಿನಲ್ಲಿ ಕುಳಿತಿವೆ, ಕೇಳಿದರೆ ಹೇಳುತ್ತವೆ. ಕೇಳಲು ಒಂದೊಂದಕ್ಕೆ ಒಂದು ನಿಮಿಷ.

"ಸಹಿ ಹಾಕೋ ಅಧಿಕಾರ ಇವತ್ತಿಂದ ನಿಮಗಿಲ್ಲ," ಎಂದರು ಭೂತಗನ್ನಡಿ. "ಪತ್ರ ಬರತ್ತೆ. ಗಿರಾಕಿಗೆ ನಾನೇ ಬರೀತೀನಿ, ಇವತ್ತೇ. ಏನು ಮಾಡ್ತಾರೋ ಗೊತ್ತಿಲ್ಲ. ನೀವು ನಾಳೆಯಿಂದ ಲ್ಯಾಬಿಗೆ ಬನ್ನಿ. ನೀವು ಮುಳುಗಿಸಿ, ನಾನು ನೋಡ್ತೀನಿ, ಬರೆಯೋದು ಮೂರನೆಯವರು."

"ಇವತ್ತೇ ಶುರು ಮಾಡ್ಲಾ ಸರ್?"

"ಊಟ ಮಾಡಿದ್ರಾ?"

"ಇಲ್ಲ."

"ಮಾಡಿ ಬನ್ನಿ."

ಅವರು ಎದ್ದು ಗೌನು ಹಾಕಿಕೊಂಡರು. ಬೆನ್ನಿನ ದಾರ ಕಟ್ಟಲು ಕೈ ಹಿಂದೆ ತಡಕಾಡುತ್ತಿದ್ದಾಗ ಫಿಟ್ಟರ್ ಹೋಗಿ ಕಟ್ಟಿದ. ಅವಳು ಡಬ್ಬಿ ತೆರೆದು ನಿಂತುಕೊಂಡೇ ಉಂಡಳು, ತಣ್ಣಗಾಗಿತ್ತು, ಚೆನ್ನಾಗಿತ್ತು. ಆ ಸಂಜೆ ಮನೆಗೆ ಹೋದವಳು ಅತ್ತೆಗೆ ಎಲ್ಲವನ್ನೂ ಹೇಳಿದಳು. ಆಮೇಲೆ ಮಗಳ ಹಾಸಿಗೆಯ ಪಕ್ಕ ಕುಳಿತು, ಕಥೆಪುಸ್ತಕ ತರಿಸಿ, ಇಬ್ಬರೂ ಸರದಿಯಲ್ಲಿ ಜೋರಾಗಿ ಓದಿದರು. ಹನ್ನೆರಡು ನಿಮಿಷಕ್ಕೆ ಮಗಳಿಗೆ ನಿದ್ದೆ ಬಂತು.

ಮಾದರಿಗಳ ಪರೀಕ್ಷೆಗೆ ಏಳು ದಿನ ಬೇಕಾಯಿತು. ಮಂಗಳವಾರದ ಆರು ಪೆಟ್ಟಿಗೆಗಳ ಮಾದರಿಗಳಲ್ಲಿ ಐದು ಸೀಳಿದವು. ಉಳಿದ ಮೂರು ಸಾವಿರದ ಅರವತ್ತಾರರಲ್ಲಿ ಸೀಳಿದ್ದು ಎರಡು, ಐದು ತಿಂಗಳ ಹಿಂದಿನ ಒಂದೇ ದಿನದ ಒಂಬತ್ತನೇ ಮತ್ತು ಹತ್ತನೇ ಪೆಟ್ಟಿಗೆಯವು. ಆ ದಿನ ಏನಾಗಿತ್ತು ಎಂದು ಯಾರಿಗೂ ನೆನಪಿರಲಿಲ್ಲ. ಗಿರಾಕಿಗೆ ಎರಡೂ ಪೆಟ್ಟಿಗೆಯ ಸಂಖ್ಯೆ ತಿಳಿಸಲಾಯಿತು. ಹದಿನೇಳನೆಯ ದಿನ ಅವರ ಉಗ್ರಾಣದಿಂದ ಎರಡೂ ವಾಪಸು ಬಂದವು. ಒಂದರ ಟೇಪು ಬಿಚ್ಚಿತ್ತು. ಎಣಿಸಿದಾಗ ಒಳಗೆ ನಲವತ್ತೂ ಇದ್ದವು.